ಬೇಬೀ ಬ್ಯಾಳಿ ಹಾಕಲೇ

ಜನವರಿ 9, ಗುರುವಾರ

ಅದಕ್ಕ ನಾ ನಿನ್ನೆ ಹೇಳಿದ್ದು, ನಮ್ಮ ದೋಸ್ತ ಖಲೀಲ ಕೇಳಾಕತ್ತಿದ್ದು ಬ್ಯಾಳಿ ಅಲ್ಲ ಅಂತ. ನೀ ಇದ್ದಿದ್ರ ನಂಬತಿದ್ದಿ, ಪದ್ಮಾ. ಅಂವನ ಹೆಂಡ್ತಿ ರಂಜಾನಬಿ ಭಾಬಿ ನಂಬವಲ್ಲರು. ಅವರದೂ ತಪ್ಪಿಲ್ಲ. ಖಲೀಲ ದೀಪಾವಳಿ ಮುಂದ ಲಕ್ವಾ ಹೊಡದು ಬಿದ್ದಾಂವ, ಬಲಗೈ ಬಲಗಾಲು ಹ್ವಾದುವು, ಜೋಡಿಗೆ ಮಾತೂ ಹೋತು. ಉಳದದ್ದು ಒಂದ ಶಬ್ದ. ಬ್ಯಾಳಿ. ನೀರು ಬೇಕಂದ್ರೂ ಬ್ಯಾಳಿ, ಬಚ್ಚಲಕ್ಕ ಹೋಗಬೇಕಂದ್ರೂ ಬ್ಯಾಳಿ, ಮಗನ ಮ್ಯಾಲೆ ಸಿಟ್ಟು ಬಂದ್ರೂ ಬ್ಯಾಳಿ. ಗಂಡ ಇಷ್ಟು ಬಾಯಿಬಿಟ್ಟು ಕೇಳಿದ್ರ ಯಾವ ಹೆಣ್ಣಮಗಳು ಸುಮ್ಮನಿರ್ತಾಳ? ದಿನಾ ಕುದಸ್ತಾರ. ತೊಗರಿಬ್ಯಾಳಿ, ಹೆಸರಬ್ಯಾಳಿ, ಮಸೂರ. ವಾಟಿ ಬಾಯಿ ಹತ್ರ ಒಯ್ದ್ರ ಅಂವ ಎಡಗೈಲೇ ಸರಸ್ತಾನ.

“ಇದೂ ಅಲ್ಲಂತ ನೋಡ್ರಿ ಅಣ್ಣಾರ,” ಅಂದ್ರು ಇವತ್ತು. “ಇನ್ನ ಯಾವ ಬ್ಯಾಳಿ ತರ್ಲಿ? ಇಳಕಲ್ಲ ಪ್ಯಾಟ್ಯಾಗ ಇದ್ದವೆಲ್ಲಾ ಮುಗದ್ವು.”

ಅಂವ ಸರಿಸಿದ ವಾಟಿ ನನ್ನ ಮುಂದ ಬಂತು. ಚೆಲ್ಲೋದು ಬ್ಯಾಡಂತ ಎರಡು ತುತ್ತು ತಿಂದೆ. ಮನ್ಯಾಗ ಬ್ರೆಡ್ ಐತಿ, ರಾತ್ರಿಗೆ ಸಾಕು. ಒಲಿ ಹಚ್ಚಿಲ್ಲ ಅಂತ ಮತ್ತ ಮತ್ತ ನಿನಗೇನ ಹೇಳ್ಲಿ. ಬೆಲ್ಟಿಗೆ ಇನ್ನೊಂದು ತೂತು ಹೊಡಸಬೇಕು.

ಅದು ಊಟದ ಬ್ಯಾಳಿ ಅಲ್ಲ, ಹಾಡಿನ ಬ್ಯಾಳಿ. ಇಡೀ ಊರಾಗ ನನಗೊಬ್ಬಗ ಗೊತ್ತು. ಆದ್ರ ಭಾಬಿಗೆ ತಿಳಿಸಬೇಕಂದ್ರ ನಿಂತು ಹಾಡಬೇಕಾಗತೈತಿ. ಅರವತ್ತು ದಾಟಿದ ಮುದುಕ, ಹೆಂಡ್ತಿ ಹೋಗಿ ವರ್ಷ ಆಗಿಲ್ಲ, ಮಂದಿ ಮನ್ಯಾಗ ನಿಂತು ಇಂಗ್ಲಿಷ್ ಹಾಡು! ಎದ್ದು ಬಂದೆ.

ಜನವರಿ 12, ರವಿವಾರ

ನಿನಗ ಹೇಳಿದ್ದ ಸುದ್ದಿನ, ಆದ್ರ ಬರದಿಡ್ತೇನಿ. ಈಗೀಗ ನನಗೂ ಮರವು.

ಬಿ.ಎ. ಎರಡನೇ ವರ್ಷ. ನಾನೂ ಖಲೀಲನೂ ಬಾಗಲಕೋಟಿ ವಿದ್ಯಾಗಿರಿ ಕಾಲೇಜಿನ್ಯಾಗ. ಅಂವನ ಚಾಚಾಂದು ಕೆನಿ ಬಣ್ಣದ ಫಿಯಾಟ್. ಚಾಚಾ ಗ್ರಾನೈಟ್ ವ್ಯಾಪಾರಕ್ಕ ಮುಂಬೈಗೆ ಹ್ವಾದಾಗೆಲ್ಲಾ ಗಾಡಿ ನಮ್ದು. ಅದರಾಗ ಒಂದ ಕ್ಯಾಸೆಟ್, ಯಾವನೋ ಇಂಗ್ಲಿಷಿನಾಂವ ಗಿಟಾರ್ ಹಿಡಕೊಂಡು ಒದರೋದು. ಮ್ಯಾಲಿನ ಚೀಟಿ ಕಿತ್ತು ಹೋಗಿತ್ತು, ಹಿಂಗಾಗಿ ಯಾರ ಹಾಡು ಅಂತ ಇವತ್ತಿಗೂ ಗೊತ್ತಿಲ್ಲ. ಬಿಸಲಿಗೆ ರೀಲು ಎಳದು ಎಳದು ಹಾಡಾವನ ದನಿ ಈಯೋ ಎಮ್ಮಿ ದನಿ ಆಗಿತ್ತು. ನಾ ಆಪ್ಷನಲ್ ಇಂಗ್ಲಿಷ್ ತಗೊಂಡಾಂವ, ಹಂಗಾಗಿ ಶಬ್ದ ಹಿಡಿಯೋ ಜವಾಬ್ದಾರಿ ನನ್ನ ಮ್ಯಾಲೆ. ನಾ ಹಿಡದದ್ದು ಇಷ್ಟು:

ಬೇಬೀ ಬ್ಯಾಳಿ ಹಾಕಲೇ
ಐ ಡೋಂಟ್ ನೋ ಏನ ಮಾಡ್ಲೇ
ಬೇಬೀ ಬ್ಯಾಳಿ ಹಾಕಲೇ

ನಾಲ್ಕನೇ ಸಾಲು ನನಗ ಬರೂದಿಲ್ಲ. ಅದು ಖಲೀಲಂದು. ಗಾಡಿ ಹೊಡಕೋಂತ ಕಿಟಕಿ ಹೊರಗ ತಲಿ ಹಾಕಿ ಒದರ್ತಿದ್ದ. ಗಾಳಿ ತಗೊಂಡು ಹೋಗತಿತ್ತು, ಒಳಗ ಕುಂತ ನನಗ ಬರೇ ‘ಓ’ ಅಂತ ಕೇಳ್ತಿತ್ತು.

ಹಳೇ ಪ್ಯಾಟಿ ರಸ್ತಾದಾಗ ಆ ತುದಿಯಿಂದ ಈ ತುದಿ, ಈ ತುದಿಯಿಂದ ಆ ತುದಿ. ಎಲ್ಲಿಗೂ ಹೋಗೋದಿರಲಿಲ್ಲ. ಭಜಿ ಅಂಗಡಿ ಮುಂದ ಹಾರ್ನ್ ಹೊಡಿಯೋದು, ಹುಡುಗ್ಯಾರು ಕಂಡ್ರ ಹಾರ್ನ್ ಬಂದ್. ಲೈಫ್ ಈಸ್ ಎ ಬೆಡ್ ಆಫ್... ಏನೋ ಅಂತಾರ. ರೋಸಸ್ ಇರಬೇಕು. ಇಲ್ಲಾ ‘ಈಸ್ ನಾಟ್’ ಐತ್ಯೋ ಏನೋ.

ನಿನ್ನ ನೋಡಾಕ ಶಿರೂರಿಗೆ ಬಂದದ್ದೂ ಅದ ಗಾಡ್ಯಾಗ. ನೀ ಚಹಾ ತರೂದಕ್ಕೂ ಇಂವ ಹೊರಗ ಕುಂತು ಅದ ಹಾಡು ಹಚ್ಚೂದಕ್ಕೂ ಸರಿ ಹೋತು. ನಿಮ್ಮಪ್ಪ, “ಯಾರಿಗರ ಹೊಟ್ಟಿಶೂಲಿ ಬಂದೈತೇನ್ರಿ ಹೊರಗ?” ಅಂತ ಕೇಳಿದ್ರು. ನೀ ಸೆರಗು ಕಚ್ಚಿ ನಕ್ಕಿ. ನಾ ಅವಾಗ ಹೂಂ ಅಂದದ್ದು.

ಜನವರಿ 15, ಬುಧವಾರ

ಹಾಡಿದೆ!

ಭಾಬಿ ಒಳಗ ಇದ್ರು. ಖಲೀಲ ನನ್ನ ನೋಡಿ ಬ್ಯಾಳಿ ಅಂದ. ನಾ ಮೆಲ್ಲಕ, “ಬೇಬೀ ಬ್ಯಾಳಿ” ಅಂದೆ. ಅಂವನ ಕಣ್ಣು ನೋಡಬೇಕಿತ್ತು ನೀ. ಬಾಯಿ ಒಂದ ಕಡೆ ಸೊಟ್ಟ ಐತಿ, ಅದ ಸೊಟ್ಟ ಬಾಯಿಲೇ “ಹಾಕಲೇ” ಅಂದ. “ಐ ಡೋಂಟ್ ನೋ ಏನ ಮಾಡ್ಲೇ” ಅಂತ ಇಬ್ಬರೂ ಕೂಡೇ ಅಂದಿವಿ. ಒಂದೊಂದು ಅಕ್ಷರ ಸ್ವಚ್ಛ, ರಾಗದ ಸಮೇತ. ಭಾಬಿ ಕೈಯಾನ ಸವಟು ಹಿಡಕೊಂಡ ಓಡಿ ಬಂದ್ರು. ಮಗ ಮುಕ್ತಾರ ಕಲ್ಲು ಪಾಲಿಶಿಂಗ್ ಮಶೀನ್ ಬಂದ್ ಮಾಡಿ ಬಂದ.

“ಅಬ್ಬಾ ಮಾತಾಡಿದ್ರು! ಕಾಕಾ, ಅಬ್ಬಾ ಮಾತಾಡಿದ್ರು!”

“ಅಯ್ಯ, ಇದ ಬ್ಯಾಳಿ ಏನ್ರಿ?” ಅಂತ ಭಾಬಿ ಹಣಿ ಬಡಕೊಂಡು ನಕ್ಕರು, ಆಮ್ಯಾಲೆ ಅತ್ತರು. “ನಾ ದೀಪಾವಳಿಯಿಂದ ಬ್ಯಾಳಿ ಕುದಸೂ ಹಿತ್ತಾಳಿ ಗುಂಡಿ ತಿಕ್ಕಿ ತಿಕ್ಕಿ ಸತ್ತೆ, ಇವರು ಇಂಗ್ಲಿಷ್ ಹಾಡು ಹಾಡಾಕತ್ತಾರ!”

ನಾಲ್ಕನೇ ಸಾಲಿಗೆ ನಾ ನಿಂತೆ. ಅಂವ ಹಾಡ್ಲಿ ಅಂತ ಕಾದೆ. ನನ್ನ ಮಾರಿ ನೋಡಿದ, ಬಾಯಿ ತೆಗದ, ಏನೂ ಬರಲಿಲ್ಲ. ಬರತೈತಿ ಬಿಡು. ಬರಲೇಬೇಕು.

ಜನವರಿ 18

ಸಿನೆಮಾದಾಕಿ ಒಬ್ಬಾಕಿ ಬಂದಿದ್ಲು. ಶ್ರುತಿ ಅಂತ ಹೆಸರು, ಬಾಗಲಕೋಟಿ ನವನಗರದ ಹುಡುಗಿ, ಆಕಿನ ಡೈರೆಕ್ಟರ್ ಅಂತ. ಕಾಲೇಜ್ ಹುಡುಗರು, ಕಾರು, ಗಿಟಾರು, ನಮ್ಮ ಕಾಲದ ಕಥಿ. ಯಾರೋ ಆಕಿಗೆ ಹೇಳ್ಯಾರ, ಖಲೀಲನ ಅಂಗಳದ ಬೇವಿನಗಿಡದ ಕೆಳಗ ಹಳೇ ಫಿಯಾಟ್ ನಿಂತೈತಿ ಅಂತ. ಚಾಚಾ ತೀರಿದ ಮ್ಯಾಲೆ ಅದು ಖಲೀಲಗ ಬಂತು, ವಾರಕ್ಕೊಮ್ಮಿ ಚಾಲೂ ಮಾಡಿ ಹೊಗಿ ಬಿಡಸ್ತಿದ್ದ. ದೀಪಾವಳಿಯಿಂದ ಸುಮ್ಮ ನಿಂತೈತಿ.

ಹಾಡು ಕೇಳಿ ಶ್ರುತಿ ನೆಲಕ್ಕ ಕುಂತು ನಕ್ಕಳು. “ಅಂಕಲ್, ಒರಿಜಿನಲ್ ಯಾವುದ್ರಿ? ನನ್ನ ಫೋನಿಗೆ ಹಾಡ್ರಿ, ಅದ ಹುಡುಕತೈತಿ.” ಫೋನಿಗೂ ಹಾಡಿದೆ. ಫೋನು ಭಾಳ ಹೊತ್ತು ವಿಚಾರ ಮಾಡಿ ಯಾವುದೋ ಭಜನಿ ತೋರಿಸ್ತು.

ಆಮ್ಯಾಲೆ ಖರೆ ಮಾತು ಬಂತು. ಗಾಡಿ ಆಕಿಗೆ ಬಾಡಿಗಿಗೆ ಬ್ಯಾಡ, ಕೊಂಡ ಬೇಕು. ಸಿನೆಮಾದ ಕೊನೀಗೆ ಅದು ನೀರಾಗ ಹೋಗತೈತಿ. ಹಳೇ ಬಾಗಲಕೋಟಿ ರಸ್ತಾ ಡ್ಯಾಮಿನ ಹಿನ್ನೀರಾಗ ಇಳದು ಹೋಗೈತಲ್ಲ, ಅಲ್ಲೇ. “ಅಲ್ಲೇ ನೀವು ಅಡ್ಡಾಡಿದ್ದು, ಅಲ್ಲೇ ಗಾಡಿ ಇಳೀತೈತಿ ಅಂಕಲ್. ಆಮ್ಯಾಲೆ ಕ್ರೇನ್ ಹಚ್ಚಿ ತೆಗೀತೀವಿ, ಆದ್ರ ಅದು ಗುಜರಿಗೆ.”

ಮುಕ್ತಾರ ಕೊಡೂಣು ಅಂತಾನ. ಗಾಡಿ ನಿಂತಲ್ಲೆ ಅಪ್ಪಗ ಒಂದು ಖೋಲಿ, ಬಾಜೂಕ ಬಚ್ಚಲ ಕಟ್ಟಬೇಕಂತ. ದಿನಾ ಅಂವನ್ನ ಎತಗೊಂಡು ಪಾವಟಿಗಿ ಇಳಿಸಿ ಭಾಬಿ ನಡಾ ಹೋಗೈತಿ. ಅದೂ ಖರೇನ.

“ಆದ್ರ ಅಬ್ಬಾನ್ನ ಕೇಳಲಾರದ ಕೊಡೂದಿಲ್ಲ,” ಅಂದ.

ಎದ್ದು ಹೋಗಿ ಕೇಳಿದ. “ಅಬ್ಬಾ, ಗಾಡಿ ಕೊಡ್ಲಾ?” ಖಲೀಲ ಹೂಂ ಅಂತ ತಲಿ ಅಲ್ಲಾಡಿಸಿದ. “ಕೊಡೂದು ಬ್ಯಾಡಾ?” ಅದಕ್ಕೂ ಹಂಗ ತಲಿ ಅಲ್ಲಾಡಿಸಿದ. “ಚಹಾ ಕುಡೀತೀರಾ?” ತಲಿ. “ನಾ ಕತ್ತಿ ಏನು?” ತಲಿ. ಆಮ್ಯಾಲೆ ಬ್ಯಾಳಿ ಅಂದ.

ಎಲ್ಲಾರೂ ನನ್ನ ಕಡೆ ನೋಡಿದ್ರು. ಅಂವನ ಬ್ಯಾಳಿ ನಾ ಹಿಡದಾಂವ ಅಲ್ಲಾ? ಇದರ ಅರ್ಥಾನೂ ಕಾಕಾಗ ಗೊತ್ತಿರತೈತಿ ಅಂತ.

“ಬ್ಯಾಡ ಅಂತಾನ,” ಅಂದೆ.

ಜನವರಿ 24, ಶುಕ್ರವಾರ

ಖಲೀಲನ್ನ ಬಾಡಿಗಿ ಗಾಡ್ಯಾಗ ಬಾಗಲಕೋಟಿಗೆ ಕರಕೊಂಡು ಹೋಗಿದ್ವಿ, ತಲಿ ಡಾಕ್ಟರ ಕಡೆ. ಹುನಗುಂದ ದಾಟೂತನಕ ನಾನೂ ಅಂವನೂ ಹಿಂದಿನ ಸೀಟಿನ್ಯಾಗ ಮೂರ ಸಾಲು ಹಾಡಿಕೋಂತ ಹ್ವಾದಿವಿ. ಮುಕ್ತಾರ ಮುಂದ ಕುಂತು ನಗಾಕತ್ತಿದ್ದ. ಡಾಕ್ಟರ ಮುಂದೂ ಹಾಡಿಸಿದೆ. ಪರೀಕ್ಷಾದಾಗ ಪಾಸಾದ ಹುಡುಗನ ಅಪ್ಪನಂಗ ಎದಿ ಉಬ್ಬಿಸಿ ನಿಂತಿದ್ದೆ.

ಡಾಕ್ಟರು ಚೊಲೊ ಮನಷ್ಯಾ. ಕುರ್ಚಿ ನನ್ನ ಹತ್ರ ಎಳಕೊಂಡು ಹೇಳಿದ್ರು: “ಯಜಮಾನ್ರ, ಹಾಡು ಬಂತಂದ್ರ ಮಾತು ಬಂತಂತ ತಿಳೀಬ್ಯಾಡ್ರಿ. ತಲ್ಯಾಗ ಹಾಡಿನ ದಾರಿನ ಬ್ಯಾರೆ, ಮಾತಿನ ದಾರಿನ ಬ್ಯಾರೆ. ಹಾಡು ಉಳದಿರತೈತಿ. ಅದರಾಗಿನ ಶಬ್ದಕ್ಕ ಅವರಿಗೆ ಅರ್ಥ ಇರತೈತೋ ಇಲ್ಲೋ, ಹೇಳಾಕ ಆಗೂದಿಲ್ಲ.”

“ಮುಂದ ಬಂದೀತೇನ್ರಿ?”

“ಹಾಡಸ್ರಿ. ಅಡ್ಡಿ ಇಲ್ಲ.”

ಅಡ್ಡಿ ಇಲ್ಲ ಅಂದ್ರ ಏನು? ಇಂಗ್ಲಿಷಿನ್ಯಾಗ ನೋ ಪ್ರಾಬ್ಲೆಮ್. ಇವರು ಅಂದದ್ದು ಆ ಅಡ್ಡಿ ಇಲ್ಲ ಅಲ್ಲ.

ಬರೂ ಮುಂದ ಹಳೇ ಪ್ಯಾಟಿ ಕಡೆ ಗಾಡಿ ತಿರಗಿಸಂದೆ. ರಸ್ತಾ ಸೀದಾ ಹೋಗಿ ನೀರಾಗ ಇಳದೈತಿ, ದನ ನೀರಿಗೆ ಇಳದಂಗ, ಅವಸರ ಇಲ್ಲದ. ಭಜಿ ಅಂಗಡಿ ಇದ್ದಲ್ಲೆ ಕರೀ ಹಕ್ಕಿ ಮುಳಗಿ ಏಳಾಕತ್ತಿದ್ವು. ಖಲೀಲ ಕಿಟಕಿಗೆ ಹಣಿ ಹಚ್ಚಿ ನೋಡಿದ.

ಜನವರಿ 25

ಹಾಡಿಸಿದೆ. ಮೂರ ಸಾಲು.

ಜನವರಿ 29

ಮೂರ ಸಾಲು. ಭಾಬಿ ಇವತ್ತು ಹೆಸರಬ್ಯಾಳ್ಯಾಗ ಮೆಂತೆಪಲ್ಲೆ ಹಾಕಿದ್ರು, ಜೋಳದ ರೊಟ್ಟಿ. ಖಲೀಲ ಬ್ಯಾಡ ಅಂತ ಸರಿಸಿದ್ದು ನಾ ತಿಂದೆ. ಅಲ್ಲ, ಅಂವ ಬ್ಯಾಡನ್ನೋದು ಗೊತ್ತಿದ್ದೂ ಅವರು ಯಾಕ ದಿನಾ ಇಷ್ಟೊಂದು ಕುದಸ್ತಾರೋ ತಿಳೀವಲ್ದು.

ಫೆಬ್ರವರಿ 3, ಸೋಮವಾರ

ಶ್ರುತಿ ಮತ್ತ ಬಂದಿದ್ಲು. ಆಕಿಗೆ ಅವಸರ, ಬೇಸಿಗಿ ಬಂದ್ರ ಹಿನ್ನೀರು ಇಳೀತೈತಿ, ರಸ್ತಾ ಬಯಲಿಗೆ ಬೀಳತೈತಿ. ಬ್ಯಾರೆ ಗಾಡಿ ಬಾದಾಮ್ಯಾಗ ಒಂದು ನೋಡ್ಯಾಳಂತ, ಆದ್ರ ಅದಕ್ಕ ಇದರ ಕಳೆ ಇಲ್ಲಂತ. ಕಳೆ ಅಂದ್ಲು. ಹುಡುಗಿ ಕೆಟ್ಟಾಕಿ ಅಲ್ಲ.

ನಾ ಮತ್ತ ಹೇಳಿದೆ, ಖಲೀಲಗ ಮನಸ್ಸಿಲ್ಲ ಅಂತ.

“ಹೆಂಗ ಹೇಳ್ತೀರಿ ಕಾಕಾ?” ಅಂದ ಮುಕ್ತಾರ.

“ಕಣ್ಣಾಗ ಕಾಣತೈತಪಾ.”

ಭಾಬಿ ರೊಟ್ಟಿ ಬಡಿಯೋದು ನಿಲ್ಲಿಸಿದ್ರು. “ಅಣ್ಣಾರ, ಆ ಕಣ್ಣು ದಿನಾ ಮುಂಜಾನೆ ನಾ ಒರಸ್ತೇನಿ. ನನಗ ಕಾಣವಲ್ದು, ನಿಮಗ ಕಂಡೀತು?” ಸಿಟ್ಟಿಲ್ಲ ಅವರ ದನ್ಯಾಗ. ಅದ ಚುಚ್ಚಿದ್ದು. ಹಿಟ್ಟಿನ ಕೈ ಝಾಡಿಸಿ ಮತ್ತ ಅಂದ್ರು, “ಅವರ ಮಾತು ಹೇಳಾಕತ್ತೀರೋ, ನಿಮ್ಮ ಮಾತೋ?”

ನನ್ನ ಮಾತು ಅಂದ್ರ ಏನು? ನಂದೇನೈತಿ ಆ ಗಾಡ್ಯಾಗ? ಹಿಂದಿನ ಸೀಟಿನ ಸ್ಪ್ರಿಂಗ್ ಚುಚ್ಚೋದು ಬಿಟ್ರ ಏನಿಲ್ಲ. ನಾ ಶಿರೂರಿಗೆ ಹೆಣ್ಣು ನೋಡಾಕ ಹ್ವಾದದ್ದು ಅದ ಗಾಡ್ಯಾಗ ಅಂತ ಭಾಬಿಗೆ ಈಗ ಯಾಕ ನೆನಪಾಗಿರಬೇಕು?

ದವಾಖಾನ್ಯಾಗ ನಮ್ಮ ಪದ್ಮಾ ಕಡೀಕ ಏನೋ ಅಂದ್ಲು. ಮೂಗಿಗೆ ನಳಿ, ಮಶೀನಿನ ಸಪ್ಪಳ. “ಏನಂದಿ?” ಅಂತ ಕೇಳಿದೆ. ಮತ್ತ ಅನ್ನಲಿಲ್ಲ. ನೀರು ಅಂದ್ಲೋ, ಮನಿ ಅಂದ್ಲೋ. ಡಾಕ್ಟರ ಕೇಳಿದ್ರು, ಏನಂದ್ರು ಅಂತ. ನಾ, “ಮನಿಗೆ ಹೋಗೂಣು ಅಂದ್ಲು,” ಅಂದೆ. ಆಕಿ ಅಂದಿದ್ದು ಅದ. ಇರಬೇಕು.

ಫೆಬ್ರವರಿ 4

ಹೋಗಲಿಲ್ಲ. ಮನ್ಯಾಗ ಕುಂತಿದ್ದೆ. ಬ್ರೆಡ್ಡಿಗೆ ಬೂಷ್ಟು ಹಿಡದೈತಿ.

ಸಂಜೀಕ ಭಾಬಿ ಮುಕ್ತಾರನ ಕೈಲೆ ಡಬ್ಬಿ ಕಳಸಿದ್ರು. ಮಸೂರಬ್ಯಾಳಿ. “ಅಮ್ಮಾ ಹೇಳ್ಯಾರ ಕಾಕಾ, ನಾಳೆ ಡಬ್ಬಿ ನೀವ ತಂದು ಕೊಡಬೇಕಂತ.”

ಫೆಬ್ರವರಿ 9, ರವಿವಾರ

ತಪ್ಪಲಾರದ ಬರದಿಡಬೇಕು, ಮರತೆ ಅಂದ್ರ ಕೇಳಾಕ ಯಾರೂ ಇಲ್ಲ.

ಶ್ರುತಿ ಕೊನೇ ಸಲ ಬಂದಿದ್ಲು. ಇವತ್ತು ಹೂಂ, ಇಲ್ಲಾ ಊಂಹೂಂ, ಎರಡರಾಗ ಒಂದು. ಮುಕ್ತಾರ ಹೊಸಾ ಬ್ಯಾಟರಿ ತಂದು ಕೂಡಿಸಿದ್ದ. “ಕಾಕಾ, ಒಮ್ಮೆ ಅಬ್ಬಾನ್ನ ಗಾಡ್ಯಾಗ ಕೂಡಸೂಣು. ಅಲ್ಲೇ ಕೇಳೂಣು. ಆಮ್ಯಾಲೆ ಏನರ ಆಗಲಿ.”

ನಾನೂ ಮುಕ್ತಾರನೂ ಖಲೀಲನ್ನ ಎತ್ತಿ ಡ್ರೈವರ್ ಸೀಟಿಗೆ ಕೂಡಿಸಿದ್ವಿ. ಬಲಗೈ ತೊಡೀ ಮ್ಯಾಲೆ ಇಟ್ವಿ, ಎಡಗೈ ತಾನ ಹೋಗಿ ಸ್ಟೇರಿಂಗ್ ಹಿಡೀತು. ನಾ ಬಾಜೂಕ ಕುಂತೆ. ಒಳಗ ಇಲಿ ವಾಸನಿ, ರೆಕ್ಸಿನ್ ವಾಸನಿ. ಮುಕ್ತಾರ ಕಿಟಕಿಯೊಳಗ ಕೈ ಹಾಕಿ ಚಾವಿ ತಿರುವಿದ. ಮೂರು ಸಲ ಕೆಮ್ಮಿ ಚಾಲೂ ಆತು. ಖಲೀಲನ ಮಾರಿ ಏನ ಹೇಳ್ಲಿ? ಇಪ್ಪತ್ತರ ಹುಡುಗಾಂತ ಬರೀಬೇಕಂತ ಕೈ ಬರತೈತಿ, ಆದ್ರ ಸುಳ್ಳು. ಮುದುಕನ ಮಾರೀನ. ಜೊಲ್ಲು ಸುರೀತಿತ್ತು. ಒರಸಿದೆ.

ಮುಕ್ತಾರ ಬಗ್ಗಿ ಕೇಳಿದ, “ಅಬ್ಬಾ, ಗಾಡಿ ಹೋಗ್ಲೋ, ಇರ್ಲೋ?”

ಖಲೀಲ, “ಬ್ಯಾಳಿ,” ಅಂದ.

ನನಗ ಬ್ಯಾರೆ ಏನೂ ತಿಳೀಲಿಲ್ಲ. ಹಾಡಿದೆ. ಅಂವನೂ ಕೂಡಿದ. ಬೇಬೀ ಬ್ಯಾಳಿ ಹಾಕಲೇ. ಐ ಡೋಂಟ್ ನೋ ಏನ ಮಾಡ್ಲೇ. ಬೇಬೀ ಬ್ಯಾಳಿ ಹಾಕಲೇ. ನಾ ನಿಂತೆ, ದಿನದಂಗ. ಅಂವ ನಿಲ್ಲಲಿಲ್ಲ. ಕುತ್ತಿಗಿ ಹೊಳ್ಳಿಸಿದ, ಸೊಟ್ಟ ಬಾಯಿ ಕಿಟಕಿ ಹೊರಗ ಹಾಕಿದ, ಅಂಗಳ ತುಂಬ ಒದರಿದ:

“ಓ... ಹೋಗಲೀ! ಹೋಗಲೀ!”

ಇಷ್ಟು ವರ್ಷಕ್ಕ ನಾಲ್ಕನೇ ಸಾಲು ಕೇಳಿದೆ. ಗಾಡಿ ನಿಂತಲ್ಲೆ ನಿಂತಿತ್ತಲ್ಲ, ಗಾಳಿ ಒಯ್ಯಲಿಲ್ಲ.

ಶ್ರುತಿ ಬಾಯಿ ಮ್ಯಾಲೆ ಕೈ ಇಟ್ಟಕೊಂಡಿದ್ಲು. ಮುಕ್ತಾರ, “ಕಾಕಾ, ಹೋಗಲಿ ಅಂದ್ರಲ್ಲಾ? ಖರೇನ ಅಂದ್ರಲ್ಲಾ?” ಅಂದ. ಭಾಬಿ ನನ್ನ ಒಂದ ದಿಟ್ಟೀಲೆ ನೋಡಾಕತ್ತಿದ್ರು.

ಅದು ಹಾಡಿನ ಸಾಲು ಅಂತ ನಾ ಹೇಳಬಹುದಿತ್ತು. ಯಾವ ಇಂಗ್ಲಿಷ್ ಶಬ್ದಾನ ಅಂವ ಅವಾಗ ಹಂಗ ಹಿಡದಿದ್ದನೋ, ಅದು ಮಾತಲ್ಲ, ಮಗನ ಸವಾಲಿಗೆ ಜವಾಬಲ್ಲ ಅಂತ. ಹೇಳಿದ್ರ ಗಾಡಿ ಉಳೀತಿತ್ತು. ಹೂಂ, ಹೋಗಲಿ ಅಂದಾನ, ನೀನ ಕೇಳಿದ್ಯಲ್ಲಾ ಅಂತಾನೂ ಹೇಳಬಹುದಿತ್ತು. ಯಾವುದು ಖರೆ ನನಗ ಗೊತ್ತಿದ್ರಲ್ಲ? ಬಾಯಿ ತೆಗದೆ. ಏನೂ ಬರಲಿಲ್ಲ. ಏನರ ಬಂದಿದ್ರ ಬ್ಯಾಳಿನ ಬರ್ತಿತ್ತೋ ಏನೋ.

ನಾ ಸುಮ್ಮನಿದ್ದದ್ದ ಹೂಂ ಅಂತಾತು.

ಫೆಬ್ರವರಿ 15, ಶನಿವಾರ

ಬಾಗಲಕೋಟಿ, ನೀರಿನ ದಂಡಿ. ನಮಗ ಕುರ್ಚಿ ಹಾಕಿದ್ರು. ಹುಡುಗರು ಬೆಲ್ ಬಾಟಂ ತೊಟ್ಟು ನಮ್ಮ ಹಾಡು ಹಾಡಿದ್ರು. ಭಾಳ ಚಂದ ಹಾಡಿದ್ರು, ಅದ ತಪ್ಪು. ನಾವು ಅಷ್ಟು ಚಂದ ಎಂದೂ ಹಾಡಿದ್ದಿಲ್ಲ.

ಶ್ರುತಿ ಕೈ ಕೆಳಗ ಮಾಡಿದ್ಲು. ಫಿಯಾಟ್ ತಾನ ಇಳಕೊಂತ ಹೋತು. ಒಮ್ಮೆಲೆ ಮುಳಗಲಿಲ್ಲ. ಸ್ವಲ್ಪ ತೇಲಿತು, ಯಾವುದೋ ಹಳೇ ಮನಿ ಗ್ವಾಡಿ ತಟ್ಟಿರಬೇಕು, ಹಿಂಭಾಗ ಮ್ಯಾಲೆ ಮಾಡಿ ನಿಂತಿತು. ಡ್ರೈವರ್ ಕಡೆ ಗಾಜು ಇಳದಿತ್ತು, ಅಲ್ಲಿಂದ ನೀರು ಒಳಗ ಹೋಗಾಕತ್ತಿತು. ಖಲೀಲ ಎಡಗೈ ಎತ್ತಿ ಗಾಳ್ಯಾಗ ತಿರುವಿದ. ಮತ್ತ ತಿರುವಿದ. ಗಾಜು ಏರಿಸೋರಂಗ.

ಯಾರೂ ನೋಡಲಿಲ್ಲ. ನಾ ನೋಡಿದೆ. ನೋಡಿ ಏನ ಮಾಡ್ಲಿ.

ಫೆಬ್ರವರಿ 23, ರವಿವಾರ

ಖಲೀಲನ ಕಟ್ಟಿ ಮ್ಯಾಲೆ ಕುಂತು ಬರೀಲಿಕತ್ತೇನಿ. ಬುಕ್ಕು ಇಲ್ಲೇ ತಂದ್ರ ಬರೇ ಅಡ್ಡಾಡೋದು ತಪ್ಪತೈತಿ. ಬೇವಿನಗಿಡದ ಕೆಳಗ ಪಾಯಾ ತೋಡ್ಯಾರ, ಇಟ್ಟಂಗಿ ಬಂದಾವ. ಎಣ್ಣಿ ಸೋರಿ ಕರ್ರಗಾದ ನೆಲ ಇನ್ನೂ ಹಂಗ ಐತಿ. ಬೆಲ್ಟಿನ ಹೊಸಾ ತೂತು ದಂಡ ಆತು, ಹಿಡೀವಲ್ದು. ತೊಗಲು ಒಣಗಿ ಬಿಗದಿರಬೇಕು.

ಆ ರವಿವಾರದಿಂದ ದಿನಾ ಹಾಡಸೇನಿ. ಮೂರ ಸಾಲು ಬರತಾವ, ಸ್ವಚ್ಛ. ನಾಲ್ಕನೇದಕ್ಕ ನಾ ನಿಲ್ತೇನಿ, ಅಂವನೂ ನಿಲ್ತಾನ. ಇವತ್ತು ನಾನ ಹಾಡಿ ತೋರಿಸಿದೆ, ಹೋಗಲೀ ಅಂತ. ನನ್ನ ಮಾರಿ ನೋಡಿದ, ಪಾಯಾ ನೋಡಿದ. ಬರಲಿಲ್ಲ.

ಬರೇ ಹಾಡಿನ ಸಾಲಾಗಿದ್ರ ಈಗೂ ಬರಬೇಕಿತ್ತಲ್ಲ? ಉಳದ ಮೂರು ಬಂದಂಗ? ಹಂಗಂದ್ರ ಅವತ್ತು ಅಂವ ಮಗಗ ಜವಾಬ ಕೊಟ್ಟ, ಖರೇನ ಹೋಗಲಿ ಅಂದ. ಇಲ್ಲಾ, ಗಾಡಿ ಕಿಟಕಿ ಇದ್ರಷ್ಟ ಬರೂ ಸಾಲು ಅದು, ಕಿಟಕಿ ಕೂಡೇ ನೀರಿಗೆ ಹೋತು. ಎರಡೂ ಕೂಡತಾವ. ವೈಸ್... ವೈಸ್ ವರ್ಸಾ ಅಂತಾರಲ್ಲ, ಅದಕ್ಕ ಇದಕ್ಕ ಸಂಬಂಧ ಐತೋ ಇಲ್ಲೋ.

ಭಾಬೀನ್ನ ಕೇಳಿದೆ, ನಿಮಗೇನ ಅನಸತೈತಿ ಅಂತ. “ನನಗೇನ ಗೊತ್ತು ಅಣ್ಣಾರ? ಬರ್ರಿ, ಬ್ಯಾಳಿ ಆರಾಕತ್ತೈತಿ,” ಅಂದ್ರು.

ಖಲೀಲನೂ ನನ್ನ ಪೆನ್ನು ನೋಡಿ ಬ್ಯಾಳಿ ಅಂದ. ಹೂಂ, ಬಂದೆ ಅಂದೆ. ದವಾಖಾನಿದು ಇನ್ನೊಂದು ಬರಿಯೋದಿತ್ತು, ಆದ್ರ ಹೊತ್ತು ಮುಳಗಿತು, ಸಾಲು ಕಾಣವಲ್ಲವು.